ಗಲ್ಲಿಯಲ್ಲೇ ಇದೆ ಹವಾಮಾನದ ಕಸುಬು

ಪರಿಸರದ ಕೆಲಸವನ್ನೇ ವೃತ್ತಿಯಾಗಿ ಹಿಡಿಯಬೇಕೆಂದು ಹೊರಡುವ ಹುಡುಗ ಹುಡುಗಿಯರಿಗೆ ಮುಂಬಯಿಯ ಘಾಟ್ಕೋಪರ್ ಒಂದು ಒಳ್ಳೆಯ ಪಾಠಶಾಲೆ. ಬೆಟ್ಟ, ನಾಲೆ, ಖಾಡಿ, ಕಸ, ಸೆಖೆ ಎಲ್ಲವೂ ಇಲ್ಲಿ ನಡೆದು ತಲುಪುವಷ್ಟು ಹತ್ತಿರದಲ್ಲಿವೆ.

2024ರ ಮೇ 13ರ ಸಂಜೆ ಮುಂಬಯಿಯ ಮೇಲೆ ಧೂಳುಗಾಳಿ ಎದ್ದಿತು. ಘಾಟ್ಕೋಪರಿನ ಛೇಡಾ ನಗರದಲ್ಲಿ, ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಬದಿಯ ಪೆಟ್ರೋಲ್ ಬಂಕಿನ ಮೇಲೆ ಜಾಹೀರಾತಿನ ದೈತ್ಯ ಫಲಕವೊಂದು ಉರುಳಿತು. 17 ಮಂದಿ ಪ್ರಾಣ ಬಿಟ್ಟರು. ಪಾಲಿಕೆಯ ನಿಯಮ ಒಪ್ಪುವ ಗರಿಷ್ಠ ಅಳತೆ 40 ಅಡಿಗೆ 40 ಅಡಿ. ಬಿದ್ದ ಫಲಕದ ಅಳತೆ 120ಕ್ಕೆ 120. ಸರಿಯಾಗಿ ಒಂದು ವಾರ ಕಳೆದು, ಮೇ 20ರ ರಾತ್ರಿ, ಇಳಿಯಲು ಬರುತ್ತಿದ್ದ ವಿಮಾನವೊಂದು ಇದೇ ಉಪನಗರದ ಆಕಾಶದಲ್ಲಿ ಫ್ಲೆಮಿಂಗೊಗಳ ಹಿಂಡಿಗೆ ಬಡಿಯಿತು. ಪಂತ್‌ನಗರದ ಆಸುಪಾಸಿನಲ್ಲಿ ಮೂವತ್ತಕ್ಕೂ ಹೆಚ್ಚು ಹಕ್ಕಿಗಳ ಕಳೇಬರ ಸಿಕ್ಕವು.

ಮೊದಲನೆಯದರಲ್ಲಿ ಗಾಳಿ ಎದ್ದದ್ದು ಪ್ರಕೃತಿಯಿಂದ. ಸಾವು ಬಂದದ್ದು ನಿಯಮ ಮೀರಿದ ಕಬ್ಬಿಣದಿಂದ. ಎರಡನೆಯದಾದಾಗ ಪರಿಸರ ಕಾರ್ಯಕರ್ತರು ಖಾಡಿಯಾಚೆಯ ನವಿ ಮುಂಬಯಿಯಲ್ಲಿ ಕುಗ್ಗುತ್ತಿರುವ ಜೌಗು ನೆಲಗಳತ್ತ ಬೊಟ್ಟು ಮಾಡಿದರು. ಇಂಥ ಘಟನೆ ನಡೆದಾಗ ಯಾರ್‍ಯಾರು ಬೇಕಾಗುತ್ತಾರೆ ನೋಡಿ: ಗಾಳಿಯ ಒತ್ತಡ ಲೆಕ್ಕ ಹಾಕುವ ಎಂಜಿನಿಯರ್, ಪರವಾನಗಿಯ ಕಡತ ಓದಬಲ್ಲವರು, ಭರತ ಇಳಿತದ ಗತಿ ಬಲ್ಲವರು, ಹಕ್ಕಿ ಎಣಿಸುವವರು, ನ್ಯಾಯಾಲಯದ ಮೆಟ್ಟಿಲು ಹತ್ತುವ ವಕೀಲರು, ಸತ್ತವರ ಮನೆಯವರ ಜತೆ ಪರಿಹಾರದ ಅರ್ಜಿ ಹಿಡಿದು ಓಡಾಡುವ ಕಾರ್ಯಕರ್ತರು. ಇವರೆಲ್ಲರದೂ ಹವಾಮಾನದ ಕೆಲಸವೇ. ವಿದೇಶದ ಸಮಾವೇಶಗಳಲ್ಲಿ ಮಾತಾಡುವವರು ಬೆರಳೆಣಿಕೆಯಷ್ಟು. ಒಂದು ವಾರ್ಡನ್ನು ಅಂಗೈಯಂತೆ ಬಲ್ಲವರು ಸಾವಿರಗಟ್ಟಲೆ ಬೇಕು. ಅಂಥವರನ್ನು ತಯಾರು ಮಾಡುವುದು ಹೇಗೆ, ಅವರ ಹೊಟ್ಟೆ ತುಂಬಿಸುವುದು ಹೇಗೆ ಎಂಬುದನ್ನು ನಾವು ಈಗ ಗಂಭೀರವಾಗಿ ಮಾತಾಡಬೇಕು.

ಜೋಶಿ ಲೇನ್ ಹಾಕಿದ ದಾರಿ

ಮುಂಬಯಿಯ ನಾಗರಿಕ ಪರಿಸರ ಚಟುವಟಿಕೆಯ ಚರಿತ್ರೆಯಲ್ಲಿ ಘಾಟ್ಕೋಪರ್ ಪೂರ್ವದ ಒಂದು ಪುಟ್ಟ ಬೀದಿಗೆ ದೊಡ್ಡ ಹೆಸರಿದೆ. ಅದು ಜೋಶಿ ಲೇನ್. 1996ರ ಹೊತ್ತಿಗೆ ಅಲ್ಲಿನ ನಿವಾಸಿಗಳು ತಮ್ಮ ಬೀದಿಯ ಕಸದ ಹೊಣೆಯನ್ನು ತಾವೇ ಹೊತ್ತರು. ಹಸಿ ಕಸ ಬೇರೆ, ಒಣ ಕಸ ಬೇರೆ. ಹಸಿಯದು ಗೊಬ್ಬರಕ್ಕೆ, ಒಣಗಿದ್ದು ಕಸ ಆಯುವವರಿಗೆ. ನಮ್ಮ ಪಾಲಿನ ಕೆಲಸ ನಾವು ಮಾಡಿದ್ದೇವೆ, ರಸ್ತೆ ಮತ್ತು ಚರಂಡಿಯ ಕೆಲಸ ನೀವು ಮಾಡಿ ಎಂದು ಪಾಲಿಕೆಯನ್ನು ಕೇಳುವ ನೈತಿಕ ಬಲ ಆ ಬೀದಿಗೆ ಬಂತು. ಮರುವರ್ಷ, 1997ರಲ್ಲಿ, ಪಾಲಿಕೆ ಇದನ್ನೇ ಮಾದರಿಯಾಗಿಟ್ಟುಕೊಂಡು 'ಅಡ್ವಾನ್ಸ್ಡ್ ಲೊಕಾಲಿಟಿ ಮ್ಯಾನೇಜ್‌ಮೆಂಟ್' ಎಂಬ ಯೋಜನೆ ತಂದಿತು. ಮುಂಬಯಿಕರರ ಬಾಯಲ್ಲಿ ಅದು ಎಎಲ್‌ಎಂ. ಮುಂದಿನ ವರ್ಷಗಳಲ್ಲಿ ನಗರದ ತುಂಬ ನೂರಾರು ಎಎಲ್‌ಎಂಗಳು ಹುಟ್ಟಿಕೊಂಡವು. ಕೆಲವು ಗಟ್ಟಿಯಾಗಿ ನಿಂತವು, ಬಹಳಷ್ಟು ಸೊರಗಿದವು.

ಅದೇ 1996ರಲ್ಲಿ ಬೆಂಗಳೂರಿನ ಅಲ್ಮಿತ್ರಾ ಪಟೇಲ್ ನಗರಗಳ ಕಸದ ಬಗ್ಗೆ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಅಮೆರಿಕದ ಎಂಐಟಿಯಲ್ಲಿ ಎಂಜಿನಿಯರಿಂಗ್ ಓದಿ ಬಂದ ಅವರು, ಊರ ಹೊರಗಿನ ತಮ್ಮ ಮನೆಯ ಸುತ್ತ ನಗರದ ಕಸ ಬಂದು ಬೀಳತೊಡಗಿದಾಗ ಕಾನೂನಿನ ದಾರಿ ಹಿಡಿದವರು. ಆ ಮೊಕದ್ದಮೆಯ ಬಲದಿಂದಲೇ ದೇಶಕ್ಕೆ 2000ದಲ್ಲಿ ಮೊದಲ ಬಾರಿ ನಗರ ಘನತ್ಯಾಜ್ಯ ನಿಯಮಗಳು ಬಂದವು. 2016ರಲ್ಲಿ ಅವು ಇನ್ನಷ್ಟು ವಿಸ್ತಾರಗೊಂಡವು. ದಿನಕ್ಕೆ 100 ಕಿಲೊಗಿಂತ ಹೆಚ್ಚು ಕಸ ಹೊರಹಾಕುವ ದೊಡ್ಡ ಸೊಸೈಟಿಗಳು ತಮ್ಮ ಹಸಿ ಕಸವನ್ನು ತಾವೇ ಸಂಸ್ಕರಿಸಬೇಕೆಂದು 2017ರಲ್ಲಿ ಮುಂಬಯಿ ಪಾಲಿಕೆ ಆದೇಶಿಸಿತು. ಘಾಟ್ಕೋಪರಿನ ಬೀದಿಯೂ ಬೆಂಗಳೂರಿನ ಅರ್ಜಿಯೂ ಒಂದೇ ಕಾಲದಲ್ಲಿ ಎರಡು ತುದಿಗಳಿಂದ ಎಳೆದ ಹಗ್ಗ ಇದು. ಕೆಳಗಿನಿಂದ ಅಭ್ಯಾಸ ಬೆಳೆಯದಿದ್ದರೆ ಕಾನೂನು ಕಾಗದದಲ್ಲೇ ಉಳಿಯುತ್ತದೆ. ಮೇಲಿಂದ ಕಾನೂನು ಬರದಿದ್ದರೆ ಅಭ್ಯಾಸ ಒಂದು ಬೀದಿಗೇ ಮುಗಿಯುತ್ತದೆ.

ಎಎಲ್‌ಎಂಗಳಲ್ಲಿ ಅನೇಕವು ಯಾಕೆ ಸೊರಗಿದವು ಎಂಬುದನ್ನೂ ಕೇಳಿಕೊಳ್ಳಬೇಕು. ಬಹುತೇಕ ಕಡೆ ಕೆಲಸ ನಿಂತದ್ದು ನಿವೃತ್ತರು ಮತ್ತು ಗೃಹಿಣಿಯರ ಬಿಡುವಿನ ಮೇಲೆ. ಒಬ್ಬರಿಗೆ ಆರೋಗ್ಯ ಕೆಟ್ಟರೆ, ಇನ್ನೊಬ್ಬರು ಮನೆ ಬದಲಿಸಿದರೆ ಗೊಬ್ಬರದ ಗುಂಡಿ ಪಾಳು ಬಿತ್ತು. ಸಂಬಳದ ಆಳೊಬ್ಬರಿದ್ದ ಕಡೆ ಕೆಲಸ ಉಳಿಯಿತು. ಉತ್ಸಾಹ ಕೆಲಸವನ್ನು ಆರಂಭಿಸುತ್ತದೆ, ಅದನ್ನು ಮುಂದುವರಿಸುವುದು ಪ್ರತಿ ತಿಂಗಳ ವೇತನ.

ಕಸ ಆಯುವವರೇ ಹಿರಿಯ ಸಹೋದ್ಯೋಗಿಗಳು

ಘಾಟ್ಕೋಪರಿನ ದಕ್ಷಿಣಕ್ಕೆ ಕೆಲವೇ ಕಿಲೊಮೀಟರ್ ದೂರದಲ್ಲಿ ದೇವನಾರ್ ಇದೆ. ಮುಂಬಯಿ ತನ್ನ ಕಸವನ್ನು 1927ರಿಂದ ಅಲ್ಲಿ ಸುರಿಯುತ್ತ ಬಂದಿದೆ. 2016ರ ಜನವರಿಯಲ್ಲಿ ಆ ಕಸದ ಬೆಟ್ಟಕ್ಕೆ ಬೆಂಕಿ ಬಿದ್ದಾಗ ದಿನಗಟ್ಟಲೆ ಹೊಗೆ ಉಪನಗರಗಳನ್ನು ಮುತ್ತಿತ್ತು. ಗಾಳಿಯಾಡದ ಕಡೆ ಕೊಳೆಯುವ ಅನ್ನ, ತರಕಾರಿಯಿಂದ ಮೀಥೇನ್ ಹುಟ್ಟುತ್ತದೆ. ಅದು ಬೆಂಕಿಗೆ ಮೇವು. ಅಷ್ಟೇ ಅಲ್ಲ, ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖ ಹಿಡಿದಿಡುವ ಅನಿಲ. ನಾವು ಒಂದೇ ಬುಟ್ಟಿಗೆ ಸುರಿಯುವ ಹಸಿ ಕಸ ಹವಾಮಾನಕ್ಕೆ ಹೊರೆಯಾಗುವುದು ಹೀಗೆ.

ಈ ಕಸದ ಜತೆ ಬದುಕು ಕಟ್ಟಿಕೊಂಡವರು ಯಾರು? ಮುಂಬಯಿಯ ಕಸ ಆಯುವವರಲ್ಲಿ ಹೆಚ್ಚಿನವರು ದಲಿತ ಮಹಿಳೆಯರು. ಎಷ್ಟೋ ಕುಟುಂಬಗಳು 1972ರ ಮಹಾರಾಷ್ಟ್ರದ ಬರದಲ್ಲಿ ಊರು ಬಿಟ್ಟು ಬಂದವು. ಮಳೆ ಕೈಕೊಟ್ಟು ವಲಸೆ ಬಂದವರೇ ನಗರದ ಕಸವನ್ನು ಮರುಬಳಕೆಗೆ ಎತ್ತಿಕೊಟ್ಟರು. 1975ರಲ್ಲಿ ಆರಂಭವಾದ ಸ್ತ್ರೀ ಮುಕ್ತಿ ಸಂಘಟನೆಯ ಜ್ಯೋತಿ ಮ್ಹಾಪ್ಸೇಕರ್ ಮತ್ತು ಗೆಳತಿಯರು ಈ ಮಹಿಳೆಯರನ್ನು ಸಂಘಟಿಸಿ, 1998ರ ಹೊತ್ತಿಗೆ 'ಪರಿಸರ ವಿಕಾಸ' ಎಂಬ ಕಾರ್ಯಕ್ರಮ ಕಟ್ಟಿದರು. ಗುರುತಿನ ಚೀಟಿ, ಉಳಿತಾಯ ಗುಂಪು, ಮಕ್ಕಳ ಶಾಲೆ, ಗೊಬ್ಬರ ಮತ್ತು ಗೋಬರ್ ಗ್ಯಾಸಿನ ತರಬೇತಿ ಎಲ್ಲ ಅದರೊಳಗಿದ್ದವು. ಕಸ ಆಯುತ್ತಿದ್ದ ಕೈಗಳು ಜೈವಿಕ ಅನಿಲ ಘಟಕ ನಡೆಸುವುದನ್ನು ಕಲಿತವು.

ಆ ಘಟಕಗಳಲ್ಲಿ ಒಂದು ಬಗೆ 'ನಿಸರ್ಗಋಣ'. ಅದನ್ನು ರೂಪಿಸಿದ್ದು ಪಕ್ಕದ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿ ಶರದ್ ಕಾಳೆ. 2013ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಘಟಕದ ಮುಂದೆ ನಿಂತು ನೋಡಿದರೆ ಕೆಲಸದ ಹದ ತಿಳಿಯುತ್ತದೆ. ಮೊದಲು ಹಸಿ ಕಸವನ್ನು ಕೈಯಿಂದ ಆರಿಸಬೇಕು: ತೆಂಗಿನ ಕರಟ, ಎಲುಬು, ಪ್ಲಾಸ್ಟಿಕ್ ಚೀಲ ಯಾವುದೂ ಒಳಗೆ ಹೋಗಕೂಡದು. ಉಳಿದದ್ದನ್ನು ಬಿಸಿನೀರಿನ ಜತೆ ರುಬ್ಬಿ ಗಂಜಿಯ ಹದಕ್ಕೆ ತರಬೇಕು. ಆ ಗಂಜಿ ಮೊದಲು ಗಾಳಿಯಾಡುವ ತೊಟ್ಟಿಯಲ್ಲಿ ಬಿಸಿಯಲ್ಲೇ ಅರ್ಧ ಜೀರ್ಣವಾಗಿ, ಆಮೇಲೆ ಗಾಳಿ ಸೋಕದ ದೊಡ್ಡ ತೊಟ್ಟಿಗೆ ಹೋಗುತ್ತದೆ. ಅಲ್ಲಿ ಹುಟ್ಟುವ ಅನಿಲ ಒಲೆಗೆ, ಕೊನೆಗೆ ಉಳಿಯುವುದು ಗೊಬ್ಬರಕ್ಕೆ. ಇದರಲ್ಲಿ ಎಲ್ಲಕ್ಕಿಂತ ಸೂಕ್ಷ್ಮ ಘಟ್ಟ ಮೊದಲನೆಯದೇ. ಆರಿಸುವ ಕೈ ತಪ್ಪಿದರೆ ಯಂತ್ರದ ಬಾಯಿ ಕಟ್ಟುತ್ತದೆ. ಹುಳಿ ಹೆಚ್ಚಾದರೆ ಅನಿಲ ಕಡಿಮೆಯಾಗುತ್ತದೆ. ವಾಸನೆಯಿಂದಲೇ ತೊಟ್ಟಿಯ ಆರೋಗ್ಯ ಹೇಳುವ ಹೆಂಗಸರು ಈ ಕೆಲಸದಲ್ಲಿದ್ದಾರೆ. ಪದವಿ ಹಿಡಿದು ಬರುವ ಹುಡುಗ ಹುಡುಗಿಯರು ಇವರ ಮುಂದೆ ಶಿಷ್ಯರಾಗಿ ಕುಳಿತರೆ ಅವರ ವೃತ್ತಿ ಗಟ್ಟಿಯಾಗುತ್ತದೆ.

ಕನ್ನಡ ನೆಲದಲ್ಲೂ ಇದಕ್ಕೆ ನಿದರ್ಶನವಿದೆ. ಪುಣೆಯಲ್ಲಿ ಕಸ ಆಯುವವರ ಸಂಘಟನೆ ಕಟ್ಟುವುದರಲ್ಲಿ ತೊಡಗಿದ್ದ ನಳಿನಿ ಶೇಖರ್ ಮುಂದೆ ಬೆಂಗಳೂರಿನಲ್ಲಿ 'ಹಸಿರು ದಳ'ಕ್ಕೆ ರೂಪ ಕೊಟ್ಟರು. ಗುರುತಿನ ಚೀಟಿ ಪಡೆದ ಕಸ ಆಯುವವರು ಅಲ್ಲಿ ವಾರ್ಡ್ ಮಟ್ಟದ ಒಣಕಸ ಕೇಂದ್ರಗಳ ನಿರ್ವಾಹಕರಾದರು.

ಗುಡ್ಡ, ನಾಲೆ, ಖಾಡಿ

ರೈಲು ಹಳಿಯ ಪಶ್ಚಿಮಕ್ಕೆ ಅಸಲ್ಫಾ, ಭಟವಾಡಿ ಕಡೆಯ ಗುಡ್ಡಗಳ ಮೈತುಂಬ ಮನೆಗಳು. ಅಲ್ಲಿನ ಆಜಾದ್ ನಗರದಲ್ಲಿ 2000ದ ಜುಲೈ 12ರಂದು ಗುಡ್ಡ ಕುಸಿದು 60ಕ್ಕೂ ಹೆಚ್ಚು ಮಂದಿ ಮಣ್ಣಿನಡಿ ಸಿಕ್ಕಿ ಸತ್ತರು. 2021ರ ಜುಲೈ 18ರ ಮಳೆರಾತ್ರಿ ನೆರೆಯ ಚೆಂಬೂರು, ವಿಕ್ರೋಲಿಗಳಲ್ಲಿ ಮತ್ತೆ ಅದೇ ಕಥೆ. ಈ ಸಾವುಗಳಲ್ಲಿ ಬಹಳಷ್ಟನ್ನು ತಡೆಯಬಹುದಿತ್ತು ಎಂಬುದೇ ದುಃಖದ ಮಾತು.

ಗುಡ್ಡದ ಆಸರೆಗೋಡೆಯ ಮುಂದೆ ಮಳೆಗಾಲಕ್ಕೆ ಮುಂಚೆ ನಿಂತು ನೋಡಬೇಕಾದ್ದು ಏನು? ಗೋಡೆಯಲ್ಲಿ ನೀರು ಇಳಿದುಹೋಗಲು ಬಿಟ್ಟ ತೂತುಗಳಿರುತ್ತವೆ. ಅವು ಮಣ್ಣು, ಪ್ಲಾಸ್ಟಿಕ್ಕಿನಿಂದ ಮುಚ್ಚಿವೆಯೇ? ಮುಚ್ಚಿದ್ದರೆ ಗೋಡೆಯ ಹಿಂದೆ ನೀರು ನಿಂತು ಭಾರ ಏರುತ್ತದೆ. ಗೋಡೆ ಎಲ್ಲಾದರೂ ಹೊಟ್ಟೆ ಬಿಟ್ಟಿದೆಯೇ? ಮೇಲಿನ ದಾರಿಯಲ್ಲಿ ಹೊಸ ಬಿರುಕು ಮೂಡಿದೆಯೇ? ವಿದ್ಯುತ್ ಕಂಬ ವಾಲಿದೆಯೇ? ತಿಳಿನೀರು ಒಸರುತ್ತಿದ್ದ ಜಾಗದಲ್ಲಿ ಕೆಸರುನೀರು ಬರುತ್ತಿದೆಯೇ? ಇಷ್ಟನ್ನು ಕಲಿಯಲು ದೊಡ್ಡ ಪದವಿ ಬೇಡ. ಕಲಿಸುವ ಒಬ್ಬ ಭೂವಿಜ್ಞಾನಿ, ಬರೆದಿಡುವ ಒಂದು ಪುಸ್ತಕ, ಎಚ್ಚರಿಕೆ ಕೊಟ್ಟಾಗ ಕೇಳಿಸಿಕೊಳ್ಳುವ ವಾರ್ಡ್ ಕಚೇರಿ ಬೇಕು. ಪ್ರತಿ ಗುಡ್ಡದ ಬಸ್ತಿಯಲ್ಲೂ ಅಲ್ಲಿಯದೇ ಹುಡುಗಿಯೊಬ್ಬಳು ಈ ಕೆಲಸಕ್ಕೆ ನೇಮಕಗೊಂಡರೆ ಎಷ್ಟು ಜೀವ ಉಳಿದಾವು!

ಹಳಿಯ ಪೂರ್ವಕ್ಕೆ ಸಮಸ್ಯೆಯೇ ಬೇರೆ. ಲಕ್ಷ್ಮೀಬಾಗ್ ನಾಲೆಯಂಥ ಕಾಲುವೆಗಳು ಥಾಣೆ ಖಾಡಿಯತ್ತ ಹರಿಯುತ್ತವೆ. ಮುಂಬಯಿಯ ಹಳೆಯ ಚರಂಡಿಗಳನ್ನು ಕಟ್ಟಿದ್ದು ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕದಲ್ಲಿ; ಆಮೇಲಿನ ಯೋಜನೆ ಅದನ್ನು 50ಕ್ಕೆ ಏರಿಸಹೊರಟಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿದಾಗ ಆ ಲೆಕ್ಕವೆಲ್ಲ ಕೊಚ್ಚಿಹೋಯಿತು. ಜೋರು ಮಳೆಯ ಹೊತ್ತಿಗೆ ಭರತವೂ ಸೇರಿಕೊಂಡರೆ ನಾಲೆಯ ನೀರು ಸಮುದ್ರಕ್ಕೆ ಇಳಿಯುವುದೇ ಇಲ್ಲ. ಭೂಮಿ ಬಿಸಿಯಾದಷ್ಟೂ ಗಾಳಿ ಹೆಚ್ಚು ತೇವ ಹಿಡಿಯುತ್ತದೆ, ಕಡಿಮೆ ಹೊತ್ತಿನಲ್ಲಿ ಹೆಚ್ಚು ಮಳೆ ಸುರಿಯುವ ದಿನಗಳು ಬರುತ್ತವೆ. ಹಾಗಾಗಿ ನಾಲೆಯ ಹೂಳು ತೆಗೆಯುವ ಲೆಕ್ಕ ಪರಿಶೀಲಿಸುವುದೂ ಹವಾಮಾನದ ಕೆಲಸವೇ.

ಖಾಡಿಯ ಅಂಚಿನಲ್ಲಿ ಕಾಂಡ್ಲಾ ಕಾಡು. 2012ರಲ್ಲಿ ಮಹಾರಾಷ್ಟ್ರ ಅರಣ್ಯ ಇಲಾಖೆ ಅದಕ್ಕಾಗಿಯೇ ಪ್ರತ್ಯೇಕ ವಿಭಾಗ ತೆರೆಯಿತು. 2015ರಲ್ಲಿ ಥಾಣೆ ಖಾಡಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಕಾಂಡ್ಲಾ ಕಡಿಯುವುದರ ವಿರುದ್ಧ ಬಾಂಬೆ ಎನ್ವಿರಾನ್ಮೆಂಟಲ್ ಆಕ್ಷನ್ ಗ್ರೂಪ್ ಹೂಡಿದ ಮೊಕದ್ದಮೆಯಲ್ಲಿ ಬಾಂಬೆ ಹೈಕೋರ್ಟ್ 2005ರಲ್ಲಿ ತಡೆ ನೀಡಿ, 2018ರಲ್ಲಿ ಅಂತಿಮ ತೀರ್ಪು ಕೊಟ್ಟಿತು. ಒಂದು ಪ್ರಕರಣವನ್ನು ಹದಿಮೂರು ವರ್ಷ ಬಿಡದೆ ಹಿಡಿಯುವುದು ಎಂದರೆ ಅದೂ ಒಂದು ವೃತ್ತಿಯೇ. ಹೆಸರು ಬರುವುದು ತಡವಾಗಬಹುದು. ಕಾಡು ಮಾತ್ರ ಉಳಿದಿದೆ.

ಏನು ಓದಬೇಕು, ಎಲ್ಲಿ ಸೇರಬೇಕು

ಘಾಟ್ಕೋಪರಿನ ಭಾಗ್ಯವೆಂದರೆ ದೇಶದ ಒಳ್ಳೆಯ ವಿದ್ಯಾಸಂಸ್ಥೆಗಳು ಅದರ ಸುತ್ತಲೇ ಇವೆ. ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಹವಾಮಾನ ಬದಲಾವಣೆ ಮತ್ತು ಸುಸ್ಥಿರತೆಯ ಸ್ನಾತಕೋತ್ತರ ಅಧ್ಯಯನವಿದೆ, ವಿಪತ್ತು ಅಧ್ಯಯನಕ್ಕೇ ಪ್ರತ್ಯೇಕ ಶಾಲೆಯಿದೆ. ಪೊವಾಯಿಯ ಐಐಟಿ ಬಾಂಬೆಯಲ್ಲಿ ಹವಾಮಾನ ಅಧ್ಯಯನದ ವಿಭಾಗವಿದೆ. ನಡೆದು ಹೋಗುವಷ್ಟು ದೂರದಲ್ಲಿ ವಿದ್ಯಾವಿಹಾರದ ಸೋಮಯ್ಯ ಕಾಲೇಜುಗಳಿವೆ. ಹಕ್ಕಿ, ಚಿಟ್ಟೆ, ಗಿಡಗಳನ್ನು ಗುರುತಿಸಲು ಕಲಿಯುವವರಿಗೆ 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಇದೆ.

ಉದ್ಯೋಗದ ಬಾಗಿಲುಗಳೂ ಮೊದಲಿಗಿಂತ ಹೆಚ್ಚಿವೆ. 2022ರ ಮಾರ್ಚ್‌ನಲ್ಲಿ ಹೊರಬಂದ ಮುಂಬಯಿ ಹವಾಮಾನ ಕ್ರಿಯಾ ಯೋಜನೆ, 2050ರ ಹೊತ್ತಿಗೆ ನಗರದ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗೆ ತರುವ ಗುರಿ ಇಟ್ಟಿದೆ. ಆ ಯೋಜನೆಯ ಲೆಕ್ಕದಂತೆ 2019ರಲ್ಲಿ ನಗರ ಹೊರಸೂಸಿದ್ದು 2.3 ಕೋಟಿ ಟನ್ನಿಗೂ ಹೆಚ್ಚು. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಕಟ್ಟಡ, ಕಾರ್ಖಾನೆಗಳ ವಿದ್ಯುತ್ ಮತ್ತು ಇಂಧನದ್ದು. ಹಾಗಾಗಿ ಮುಂಬಯಿಯಲ್ಲಿ ಹವಾಮಾನದ ಕೆಲಸ ಅರಸುವವರು ಗಿಡ ನೆಡುವುದರಾಚೆ ವಿದ್ಯುತ್ತಿನ ವಿಚಾರವನ್ನೂ ಕಲಿಯಲೇಬೇಕು. ಇಂಧನ ದಕ್ಷತೆ ಬ್ಯೂರೊ ನಡೆಸುವ ಪರೀಕ್ಷೆ ಪಾಸು ಮಾಡಿದ ಎಂಜಿನಿಯರ್ ಅಧಿಕೃತ ಇಂಧನ ಲೆಕ್ಕಪರಿಶೋಧಕರಾಗಬಹುದು. ಐಟಿಐ ಕಲಿತ ಎಲೆಕ್ಟ್ರಿಷಿಯನ್ನರಿಗೆ ಚಾವಣಿಯ ಸೌರ ಫಲಕ ಕೂರಿಸುವ ಕೆಲಸವಿದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆ ಒಂದು ಕೋಟಿ ಮನೆಗಳ ಗುರಿ ಹೊತ್ತಿದೆ. ಷೇರುಪೇಟೆಯ ಮೊದಲ 1,000 ಕಂಪನಿಗಳು ತಮ್ಮ ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿ ಕೊಡಲೇಬೇಕೆಂದು ಸೆಬಿ ವಿಧಿಸಿರುವುದರಿಂದ ವಾಣಿಜ್ಯ ಪದವೀಧರರಿಗೂ ಇಲ್ಲಿ ಜಾಗವಿದೆ. ಕಾನೂನು ಓದಿದವರಿಗೆ 2010ರಿಂದ ಹಸಿರು ನ್ಯಾಯಮಂಡಳಿಯಿದೆ. ಬೆಂಗಳೂರು ಕೂಡ 2023ರ ನವೆಂಬರಿನಲ್ಲಿ ತನ್ನ ಹವಾಮಾನ ಯೋಜನೆ ಪ್ರಕಟಿಸಿ, ಅದನ್ನು ಜಾರಿಗೆ ತರಲು ಯುವಜನರಿಗೆ ಫೆಲೋಶಿಪ್ ಕೊಡತೊಡಗಿದೆ.

ಯಾವ ಬಾಗಿಲಿನಿಂದ ಒಳಹೊಕ್ಕರೂ ಮೂರು ವಿದ್ಯೆ ಎಲ್ಲರಿಗೂ ಬೇಕು. ಮೊದಲನೆಯದು ನಕ್ಷೆ ಓದುವುದು, ಬರೆಯುವುದು. ಎರಡನೆಯದು ಸರ್ಕಾರಿ ಕಡತ ಓದುವುದು: ಬಜೆಟ್ಟಿನ ಯಾವ ತಲೆಬರಹದಡಿ ನಾಲೆಯ ದುಡ್ಡು ಕೂತಿದೆ, ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಪ್ರಶ್ನೆ ಹೇಗೆ ಕೇಳಬೇಕು ಎಂಬುದು. ಮೂರನೆಯದು ಜನರ ಭಾಷೆಯಲ್ಲಿ ಮಾತಾಡುವುದು. ಘಾಟ್ಕೋಪರಿನಲ್ಲಿ ಒಂದೇ ಗಲ್ಲಿಯಲ್ಲಿ ಮರಾಠಿ, ಗುಜರಾತಿ, ಹಿಂದಿ, ತಮಿಳು, ಕನ್ನಡ, ತುಳು ಕೇಳಿಬರುತ್ತವೆ. ನಾಲ್ಕು ಭಾಷೆಯಲ್ಲಿ ವ್ಯವಹರಿಸಿ ಬೆಳೆದ ಮುಂಬಯಿ ಕನ್ನಡದ ಮಕ್ಕಳಿಗೆ ಈ ಮೂರನೆಯದು ಹುಟ್ಟಿನಿಂದಲೇ ಬಂದ ಆಸ್ತಿ.

ಹೋಟೆಲಿನ ಅಡುಗೆಮನೆಯಿಂದ

ಮುಂಬಯಿ ಕನ್ನಡಿಗರ ಪಾಲಿಗೆ ಈ ವೃತ್ತಿಯ ಹೆಬ್ಬಾಗಿಲು ನಮ್ಮದೇ ಹೋಟೆಲುಗಳಲ್ಲಿದೆ. ಉಡುಪಿ, ದಕ್ಷಿಣ ಕನ್ನಡದಿಂದ ಬಂದವರು ಕಟ್ಟಿದ ಒಂದು ಸಾಧಾರಣ ಹೋಟೆಲಿನ ಹಿಂಬಾಗಿಲಲ್ಲಿ ದಿನವೂ ಏನೇನು ಬೀಳುತ್ತದೆ? ತರಕಾರಿ ಸಿಪ್ಪೆ, ತೆಂಗಿನ ಕರಟ, ಎಂಜಲು ಅನ್ನ, ಕಾಫಿ ಗಷ್ಟು, ಕರಿದ ಎಣ್ಣೆ. ಸಿಪ್ಪೆ ಮತ್ತು ಅನ್ನ ಅನಿಲವಾಗಬಲ್ಲವು. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇ 25 ಮೀರಿದರೆ ಅದು ಮತ್ತೆ ಅಡುಗೆಗೆ ಸಲ್ಲ. ಅದನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ಮಾಡುವ ಯೋಜನೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಆರಂಭಿಸಿದೆ. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್, ಕಟ್ಟಿಗೆ ಮತ್ತು ಇದ್ದಿಲಿನ ಬೇಕರಿ ಭಟ್ಟಿಗಳು ಆರು ತಿಂಗಳಲ್ಲಿ ಶುದ್ಧ ಇಂಧನಕ್ಕೆ ಬದಲಾಗಬೇಕೆಂದಿತು. ಪಾಲಿಕೆಯ ನೋಟಿಸು ತಂದೂರಿಗೆ ಇದ್ದಿಲು ಉರಿಸುವ ಹೋಟೆಲುಗಳಿಗೂ ಹೋಯಿತು. ಈ ಬದಲಾವಣೆಗೆ ಸಲಹೆ ಕೊಡುವವರು, ಎಣ್ಣೆ ಒಟ್ಟುಮಾಡುವವರು, ಘಟಕ ನೋಡಿಕೊಳ್ಳುವವರು ಬೇಕು. ಹೋಟೆಲಿನ ಲೆಕ್ಕಾಚಾರ ಬಲ್ಲ ಮನೆಯ ಮಕ್ಕಳಿಗಿಂತ ಈ ಕೆಲಸಕ್ಕೆ ಯೋಗ್ಯರು ಯಾರು?

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದ ತಲೆಮಾರು ಮುಂಬಯಿಯಲ್ಲಿತ್ತು. ಆ ರಾತ್ರಿಶಾಲೆಗಳನ್ನು ನಡೆಸಿದ್ದು ನಮ್ಮ ಸಂಘಗಳು. ಇಂದು ಅದೇ ಸಂಘಗಳು ಪ್ರತಿಭಾವಂತರಿಗೆ ವಿದ್ಯಾರ್ಥಿವೇತನ ಕೊಡುತ್ತವೆ, ಡಾಕ್ಟರು, ಎಂಜಿನಿಯರ್, ಸಿಎ ಆದವರನ್ನು ಸನ್ಮಾನಿಸುತ್ತವೆ. ಆ ಸಾಲಿನಲ್ಲಿ ಪರಿಸರದ ಕೆಲಸ ಹಿಡಿದವರಿಗೂ ಜಾಗ ಸಿಗಬೇಕು.

ನಮ್ಮ ಹಿರಿಯರು ಮಾಡಿತೋರಿದ್ದು

ಉತ್ತರ ಕನ್ನಡದ ಹೊನ್ನಳ್ಳಿಯ ತುಳಸಿ ಗೌಡ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ಸೇರಿದವರು. ಯಾವ ತಾಯಿಮರದ ಬೀಜ ಯಾವಾಗ ಆಯ್ದರೆ ಮೊಳೆಯುತ್ತದೆ ಎಂಬ ಅವರ ಅರಿವಿಗೆ ದಶಕಗಳ ನಂತರ ಪದ್ಮಶ್ರೀ ಬಂತು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರದು ಅಪ್ಪಟ ಪರಿಸರ ವೃತ್ತಿ, ಆದರೆ ಬದುಕಿನ ಬಹುಪಾಲು ಅದಕ್ಕೆ ಸಿಕ್ಕಿದ್ದು ದಿನಗೂಲಿಯ ಭದ್ರತೆ ಮಾತ್ರ.

ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ವೈದ್ಯ ವೈ. ಎಸ್. ಮೋಹನ್ ಕುಮಾರ್ ತಮ್ಮ ಪುಟ್ಟ ಕ್ಲಿನಿಕ್ಕಿಗೆ ಬರುವ ರೋಗಿಗಳಲ್ಲಿ ಅಸಹಜವಾದದ್ದೇನನ್ನೋ ಕಂಡರು. ಒಂದೇ ಊರಲ್ಲಿ ಇಷ್ಟು ಮಕ್ಕಳಿಗೆ ಯಾಕೆ ಇಂಥ ಕಾಯಿಲೆ? ಅದೇ ಊರಿನ ಪತ್ರಕರ್ತ, 'ಅಡಿಕೆ ಪತ್ರಿಕೆ'ಯ ಶ್ರೀಪಡ್ರೆ ಅದನ್ನು ಲೋಕಕ್ಕೆ ತಿಳಿಸಿದರು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದ ಎಂಡೋಸಲ್ಫಾನ್ ಕೀಟನಾಶಕದ ವಿರುದ್ಧದ ಹೋರಾಟ ಬೆಳೆದು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಾದ್ಯಂತ ತಡೆಯಿತು. ಒಬ್ಬರು ವೈದ್ಯರು, ಇನ್ನೊಬ್ಬರು ಪತ್ರಕರ್ತರು. ಇಬ್ಬರೂ ತಂತಮ್ಮ ಕಸುಬನ್ನು ತಮ್ಮ ಊರಲ್ಲೇ ನಿಷ್ಠೆಯಿಂದ ಮಾಡಿದರು. ನೀವು ನರ್ಸ್ ಆಗಿರಿ, ಶಿಕ್ಷಕಿಯಾಗಿರಿ, ಲೆಕ್ಕಿಗರಾಗಿರಿ. ಇದ್ದ ಊರನ್ನು ಕಣ್ಣಿಟ್ಟು ನೋಡುವ ಅಭ್ಯಾಸವಿದ್ದರೆ ಪರಿಸರದ ಕೆಲಸ ನಿಮ್ಮನ್ನೇ ಹುಡುಕಿಕೊಂಡು ಬರುತ್ತದೆ.

ಸಂಬಳದ ಮಾತು

ಈ ಕ್ಷೇತ್ರಕ್ಕೆ ಅಂಟಿದ ದೊಡ್ಡ ಜಾಡ್ಯವೆಂದರೆ ಪುಕ್ಕಟೆ ದುಡಿಮೆ. ಇಂಟರ್ನ್‌ಶಿಪ್ಪಿಗೆ ಸಂಬಳವಿಲ್ಲ, ಸಮೀಕ್ಷೆಗೆ ಬಸ್ ಖರ್ಚು ಕೂಡ ಇಲ್ಲ, ಕೊನೆಗೆ ಒಂದು ಪ್ರಮಾಣಪತ್ರ. ಆರು ತಿಂಗಳು ದುಡ್ಡಿಲ್ಲದೆ ದುಡಿಯಲು ಶಕ್ತಿ ಇರುವುದು ಉಳ್ಳವರ ಮಕ್ಕಳಿಗೆ. ಅಸಲ್ಫಾದ ಗುಡ್ಡದ ಮನೆಯ ಹುಡುಗಿ ಆ ಬಾಗಿಲಲ್ಲೇ ಹಿಂದಿರುಗುತ್ತಾಳೆ. ಗುಡ್ಡದ ಬಿರುಕು, ತಗಡಿನ ಸೂರಿನ ಸೆಖೆ, ನಾಲೆ ಉಕ್ಕಿದ ರಾತ್ರಿ ಇವನ್ನೆಲ್ಲ ಬಲ್ಲವಳು ಅವಳೇ. ಅವಳು ಹೊರಗುಳಿದರೆ ಯೋಜನೆ ಬರೆಯುವ ಮೇಜಿನ ಮೇಲೆ ಆ ಅನುಭವವೇ ಇರುವುದಿಲ್ಲ.

ದುಡ್ಡಿಲ್ಲ ಎನ್ನುವ ಮಾತು ಈಗ ನಿಲ್ಲುವುದಿಲ್ಲ. 2024ರಲ್ಲಿ ಮುಂಬಯಿ ಪಾಲಿಕೆ ತನ್ನ ಮೊದಲ ಹವಾಮಾನ ಬಜೆಟ್ ಪ್ರಕಟಿಸಿದಾಗ ಬಂಡವಾಳ ವೆಚ್ಚದ ಸುಮಾರು ಮೂರನೇ ಒಂದು ಪಾಲು ಹವಾಮಾನಕ್ಕೆ ಸಂಬಂಧಿಸಿದ್ದು ಎಂದು ಲೆಕ್ಕ ತೋರಿಸಿತು. ಕೊಳಚೆ ನೀರು ಶುದ್ಧೀಕರಿಸಲು ನಗರದಲ್ಲಿ ಏಳು ಹೊಸ ಘಟಕಗಳ ಕಾಮಗಾರಿ ನಡೆದಿದೆ. ಅವುಗಳಲ್ಲಿ ಘಾಟ್ಕೋಪರಿನದು ದಿನಕ್ಕೆ 33.7 ಕೋಟಿ ಲೀಟರಿನದು. ಕಾಂಕ್ರೀಟಿಗೆ ಇಷ್ಟು ಖರ್ಚು ಮಾಡಬಲ್ಲ ನಗರ, ಪ್ರತಿ ವಾರ್ಡಿನಲ್ಲಿ ಹತ್ತು ಮಂದಿ ಹವಾಮಾನ ಕಾರ್ಯಕರ್ತರಿಗೆ ಸಂಬಳ ಕೊಡಬಲ್ಲದು. ಆಶಾ ಕಾರ್ಯಕರ್ತೆಯರು ಆರೋಗ್ಯಕ್ಕಾಗಿ ಮನೆಮನೆಗೆ ನಡೆದ ಹಾಗೆ ಇವರು ಗುಡ್ಡ, ನಾಲೆ, ಕಸ, ಸೆಖೆಗಾಗಿ ನಡೆಯಲಿ. ಆದರೆ ಆಶಾ ಕಾರ್ಯಕರ್ತೆಯರು ಬೀದಿಗಿಳಿದು ಕೇಳಬೇಕಾಗಿ ಬಂದ ವೇತನ ಮತ್ತು ಭದ್ರತೆಯನ್ನು ಇವರಿಗೆ ಮೊದಲ ದಿನದಿಂದಲೇ ಕೊಡಬೇಕು. ಪಾಲಿಕೆ ಮುಂದಾಗುವವರೆಗೆ ನಮ್ಮ ಸಂಘಸಂಸ್ಥೆಗಳು ಒಬ್ಬಿಬ್ಬರಿಗಾದರೂ ಒಂದು ವರ್ಷದ ವೇತನ ಕೊಟ್ಟು ಒಂದು ವಾರ್ಡಿನ ಕೆಲಸ ಕಲಿಸಬಹುದು. ಒಂದು ವಾರ್ಷಿಕೋತ್ಸವದ ಖರ್ಚಿನಲ್ಲಿ ಆಗಬಹುದಾದ ಕೆಲಸ ಇದು.

ಮುಂಬಯಿ ಹಾಕಿಕೊಂಡ ಗಡುವು 2050. ಈ ವರ್ಷ ಹನ್ನೆರಡನೇ ತರಗತಿ ಮುಗಿಸಿ ಕೆಲಸ ಹುಡುಕುವವರಿಗೆ ಆಗ ನಲವತ್ತು ದಾಟಿರುತ್ತದೆ, ಅನುಭವ ಮಾಗಿರುತ್ತದೆ. ನಗರದ ಗಡುವೂ ಅವರ ವೃತ್ತಿಯ ಹರೆಯವೂ ಒಂದೇ ಅವಧಿಯವು. ಅವರನ್ನು ಈಗಲೇ ಸಂಬಳ ಕೊಟ್ಟು ಸೇರಿಸಿಕೊಂಡರೆ ಆ ಗುರಿ ನಿಜವಾಗಲು ದಾರಿಯಿದೆ.